ಎಳೆಬಂಡಿಯ ಜೀರ್ಣೋದ್ಧಾರ

ಎತ್ತುಗಳು ಭಾರವಾದ ಕಲ್ಲನ್ನು ಎಳೆಯುವ ಸ್ಪರ್ಧೆಯನ್ನು ನಮ್ಮ ರಾಯಚೂರು ಸೀಮೆಯಲ್ಲಿ ಓದುಗರು ಕಂಡಿರಬಹುದು. ಅಮೆರಿಕದ ಒಕ್ಕಲುಮಕ್ಕಳಲ್ಲಿಯೂ ಇಂಥದೇ ಪದ್ಧತಿಯಿತ್ತು. ಅಲ್ಲಿ ಕುದುರೆಗಳು ಭಾರ ಎಳೆಯುತ್ತಿದ್ದವು. ಹೊಲಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಈ ಪಣವೂ ಅದರ ಪಾಲಾಯಿತು. 1929ರಲ್ಲಿ ಮಿಸೌರಿ ಹಾಗೂ ಓಹಾಯೋ ರಾಜ್ಯಗಳಲ್ಲಿ ಇಂತಹ ಸ್ಪರ್ಧೆಗಳು ನಡೆದವು. 1969ರಲ್ಲಿ ಏಕರೂಪದ ನಿಯಮಗಳಿಗಾಗಿ ರಾಷ್ಟ್ರಮಟ್ಟದ ಸಂಘವೊಂದು ಸ್ಥಾಪನೆಯಾಯಿತು.

ಆರಂಭದಲ್ಲಿ ದಾರಿಯುದ್ದಕ್ಕೂ ನಿಂತ ಜನರು ಚಲಿಸುತ್ತಿರುವ ಹಲಗೆಯನ್ನು ಒಬ್ಬೊಬ್ಬರಾಗಿ ಏರಿ ಭಾರ ಹೆಚ್ಚಿಸುತ್ತಿದ್ದರು. ಇದು ಅಪಾಯಕರವಾಗಿತ್ತು. ಅದರ ಸ್ಥಾನಕ್ಕೆ ಬಂದುದೇ ‘ಸ್ಲೆಡ್’ ಎಂಬ ಎಳೆಬಂಡಿ. ಇದಕ್ಕೆ ಹಿಂದೆ ಚಕ್ರಗಳು, ಮುಂದೆ ನೆಲಕ್ಕೊರಗಿದ ಉಕ್ಕಿನ ತಟ್ಟೆ. ಬಂಡಿ ಹೊರಟಾಗ ತೂಕದ ಪೆಟ್ಟಿಗೆ ಚಕ್ರಗಳ ಮೇಲಿರುತ್ತದೆ. ಚಕ್ರ ಉರುಳಿದಂತೆ ಸರಪಳಿಯು ಪೆಟ್ಟಿಗೆಯನ್ನು ಮುಂದಕ್ಕೆ ಸೆಳೆಯುತ್ತದೆ. ಭಾರವು ತಟ್ಟೆಯ ಮೇಲೆ ಬಿದ್ದು ಘರ್ಷಣೆ ಹೆಚ್ಚುತ್ತದೆ. ಕೊನೆಗೆ ಟ್ರ್ಯಾಕ್ಟರು ಸೋತು ನಿಲ್ಲುತ್ತದೆ. ನಿಗದಿತ ದೂರ ದಾಟಿದರೆ ಅದು ಪೂರ್ಣ ಎಳೆತ.

ಇಂತಹ ಹಳೆಯ ಬಂಡಿಯ ಜೀರ್ಣೋದ್ಧಾರವೆಂದರೆ ಬಣ್ಣ ಬಳಿಯುವುದಷ್ಟೇ ಅಲ್ಲ. ಮೊದಲು ಪೆಟ್ಟಿಗೆಯನ್ನು ಬರಿದುಮಾಡಿ, ತುಕ್ಕನ್ನೂ ಹಳೆಯ ಬಣ್ಣವನ್ನೂ ಕೆರೆದು ತೆಗೆಯಬೇಕು. ಆಗಲೇ ಬೆಸುಗೆಗಳಲ್ಲಿನ ಬಿರುಕು ಕಣ್ಣಿಗೆ ಬೀಳುತ್ತದೆ. ಸವೆದ ಸರಪಳಿ, ಹಲ್ಲುಚಕ್ರ, ಬೇರಿಂಗುಗಳನ್ನು ಬದಲಿಸಬೇಕು. ಪೆಟ್ಟಿಗೆ ಸರಿಯುವ ಹಳಿಗಳು ನೇರವಾಗಿರಬೇಕು. ಇಲ್ಲಿಯೇ ನ್ಯಾಯದ ಪ್ರಶ್ನೆ ಅಡಗಿದೆ. ಪೆಟ್ಟಿಗೆಯು ಒಬ್ಬನ ಸರದಿಯಲ್ಲಿ ಸರಾಗವಾಗಿ ಸರಿದು, ಇನ್ನೊಬ್ಬನ ಸರದಿಯಲ್ಲಿ ತಡೆದು ನಿಂತರೆ ಗೆಲುವು ಸೋಲುಗಳಿಗೆ ಅರ್ಥವೇನು? ಎಳೆಬಂಡಿಯೆಂದರೆ ಸ್ಪರ್ಧೆಯ ತಕ್ಕಡಿ; ಅದು ಎಲ್ಲರಿಗೂ ಒಂದೇ ಆಗಿರಬೇಕು.

ಎರಡನೆಯದು ಜೀವರಕ್ಷಣೆ. ಕೊಂಡಿ ಕಳಚಿದ ಟ್ರ್ಯಾಕ್ಟರು ಹಿಡಿತ ತಪ್ಪಿ ನುಗ್ಗಬಲ್ಲದು. ಆದುದರಿಂದ ಬಂಡಿಗೂ ಎಂಜಿನ್ನಿಗೂ ನಡುವೆ ಒಂದು ತಂತಿ ಕಟ್ಟಿರುತ್ತಾರೆ; ಅದು ಸೆಳೆದೊಡನೆ ಎಂಜಿನ್ ನಿಂತುಹೋಗುತ್ತದೆ. ಹಳೆಯ ಬಂಡಿಗೆ ಈ ಏರ್ಪಾಡನ್ನೂ, ಚಾಲಕನ ಪೀಠದ ಸುತ್ತ ಗಟ್ಟಿ ಚೌಕಟ್ಟನ್ನೂ, ಆಸನಪಟ್ಟಿಯನ್ನೂ ಮೊದಲು ಕೂಡಿಸಬೇಕು. ಅಳತೆಪಟ್ಟಿಯ ಬದಲು ಲೇಸರ್ ಕಿರಣದಿಂದ ದೂರ ಅಳೆಯುವ ಸಾಧನ, ಬಂಡಿಯನ್ನು ಮರಳಿ ತರಲು ಅದಕ್ಕೇ ಒಂದು ಎಂಜಿನ್ ಮುಂತಾದ ಸೌಕರ್ಯಗಳು ಅನಂತರದ ಮಾತು.

ಹಿರಿಯರು ಕಟ್ಟಿದ ಉಕ್ಕಿನ ಚೌಕಟ್ಟು ದೃಢವಾಗಿದ್ದರೆ ಅದನ್ನು ಗುಜರಿಗೆ ಹಾಕಬೇಕಿಲ್ಲ. ಗಟ್ಟಿಯಾದುದನ್ನು ಉಳಿಸಿಕೊಂಡು, ಸವೆದುದನ್ನು ಸಂಕೋಚವಿಲ್ಲದೆ ಬಿಡುವ ವಿವೇಕ ಬೇಕು. ಈ ವಿವೇಕ ನಮ್ಮ ಮನೆಯ ಹಳೆಯ ನೇಗಿಲು, ಗಾಣ, ಬಂಡಿಗಳಿಗೂ ಸಲ್ಲುವಂಥದು.