ಪಿತ್ತನಾಳದ ಏಡಿಹುಣ್ಣು

ಯಕೃತ್ತಿನಿಂದ ಕರುಳಿಗೆ ಪಿತ್ತವನ್ನೊಯ್ಯುವ ನಾಳದಲ್ಲಿಯೂ ಏಡಿಹುಣ್ಣು, ಎಂದರೆ ಕ್ಯಾನ್ಸರ್, ಹುಟ್ಟುವುದುಂಟು. ಕೆಟ್ಟ ಜೀವಕೋಶವು ಒಂಟಿಯಾಗಿ ಬೆಳೆಯದು, ಟಿ.ಜಿ.ಎಫ್.-ಬೀಟಾ ಮೊದಲಾದ ರಾಸಾಯನಿಕ ಸಂಕೇತಗಳಿಂದ ನೆರೆಯ ನಾರುಕೋಶಗಳನ್ನು ತನ್ನ ಊಳಿಗಕ್ಕೆ ಕರೆಯುತ್ತದೆ. ಅವು ಗಟ್ಟಿನಾರಿನ ಕೋಟೆಯನ್ನು ಕಟ್ಟಿ, ಇಂಟರ್‌ಲ್ಯೂಕಿನ್-6 ಎಂಬ ಮರುಸಂಕೇತದಿಂದ ಅದನ್ನು ಪೋಷಿಸುವುವು. ಔಷಧವೂ ಶರೀರದ ಕಾವಲು ಕೋಶಗಳೂ ಒಳಹೊಗಲು ಕಷ್ಟಪಡುವುದು ಬಹುಮಟ್ಟಿಗೆ ಇದರಿಂದಲೇ. ಆದುದರಿಂದ ಕೋಟೆ ಬಲಿಯುವ ಮುನ್ನ ಎಚ್ಚರಗೊಳ್ಳುವುದು ಮೇಲು.

ಜಪಾನಿನ ಒಸಾಕಾದ ಮುದ್ರಣಾಲಯವೊಂದರಲ್ಲಿ ದ್ರಾವಕದ ಆವಿಯನ್ನು ಸೇವಿಸಿದ ಕೆಲಸಗಾರರಿಗೆ ಈ ರೋಗ ತಗಲಿತು. 1,2-ಡೈಕ್ಲೋರೋಪ್ರೊಪೇನ್ ಎಂಬ ಆ ದ್ರಾವಕವು ಕ್ಯಾನ್ಸರ್‌ಕಾರಕವೆಂದು 2014ರಲ್ಲಿ ಅಂತರರಾಷ್ಟ್ರೀಯ ತಜ್ಞರು ನಿರ್ಣಯಿಸಿದರು. ಪೀಣ್ಯದ ಕಾರ್ಖಾನೆಗಳಿಗೆ ಹೋಗಿಬರುವ ಜಾಲಹಳ್ಳಿಯ ಗೃಹಸ್ಥರು ದ್ರಾವಕಗಳಿರುವೆಡೆ ಗಾಳಿಯ ಸಂಚಾರವನ್ನು ಅಲಕ್ಷಿಸಬಾರದು. ಕಣ್ಣು ಹಳದಿಯಾಗಿ, ಮೈ ತುರಿಸಿ, ಮಲವು ಬಿಳಿಚಿದರೆ, ಕಾಮಾಲೆಯ ನಾಟಿಮದ್ದಿನಲ್ಲಿ ದಿನ ಕಳೆಯದೆ ವೈದ್ಯರನ್ನು ಕಾಣಬೇಕೆಂದು ನಾವು ವಿನಂತಿಸುತ್ತೇವೆ. ಹರಡುವ ಮುನ್ನ ಕಂಡರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಆಸೆಯುಂಟು.