ಚೀಲದೊಳಗೆ ಉಸಿರು ಬಿಗಿಹಿಡಿದ ಶಾರ್ಕ್ ಮರಿ

ಹಾಸನದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮನೆಯ ಗಾಜಿನ ತೊಟ್ಟಿಯಲ್ಲಿ ಎರಡು ವರ್ಷದಿಂದ ಒಂದು ಜೊತೆ ಶಾರ್ಕ್ ಇವೆಯಂತೆ. ‘ಮನೆಯ ತೊಟ್ಟಿಯಲ್ಲೂ ಶಾರ್ಕ್ ಮೊಟ್ಟೆ ಇಡುತ್ತದೆ ಎಂದು ಕೇಳಿದ್ದೇನೆ. ನಮ್ಮವು ಯಾಕೆ ಇಡುತ್ತಿಲ್ಲ? ತೊಟ್ಟಿಯನ್ನು ವಾಸ್ತು ಪ್ರಕಾರ ಈಶಾನ್ಯಕ್ಕೆ ಸರಿಸಬೇಕೆ?’ ಎಂದು ಕೇಳಿದ್ದಾರೆ. ಜೊತೆಗೆ ಫೋಟೊ ಕೂಡ ಕಳಿಸಿದ್ದಾರೆ.

ಮೊದಲು ವಾಸ್ತುವಿನ ಮಾತು ಮುಗಿಸಿಬಿಡೋಣ. ಮೀನಿಗೆ ಬೇಕಾದದ್ದು ಶುದ್ಧ ನೀರು, ಸರಿಯಾದ ಉಷ್ಣತೆ, ಓಡಾಡಲು ಜಾಗ. ತೊಟ್ಟಿಯನ್ನು ಯಾವ ಮೂಲೆಗೆ ಎಳೆದರೂ ಇವು ಮೂರು ತಾವಾಗಿ ಬರುವುದಿಲ್ಲ.

ಇನ್ನು ಫೋಟೊ. ಅದರಲ್ಲಿರುವುದು ಶಾರ್ಕ್ ಅಲ್ಲ, ಪಂಗಾಸಿಯಸ್ ಎಂಬ ಸಿಹಿನೀರಿನ ಕ್ಯಾಟ್‌ಫಿಶ್. ಹೋಟೆಲುಗಳಲ್ಲಿ ಬಾಸಾ ಎಂಬ ಹೆಸರಿನಲ್ಲಿ ತಟ್ಟೆಗೆ ಬರುವ ಮೀನು ಬಹುಮಟ್ಟಿಗೆ ಇದೇ. ಅಂಗಡಿಯವರು ಶಾರ್ಕ್ ಎಂದು ಮಾರುವ ಬಾಲಾ ಶಾರ್ಕ್, ಕೆಂಪು ಬಾಲದ ಶಾರ್ಕ್ ಕೂಡ ಶಾರ್ಕ್‌ಗಳಲ್ಲ, ನಮ್ಮ ಕಾಟ್ಲಾ, ರೋಹುಗಳ ದೂರದ ನೆಂಟರು. ಗುರುತು ಹಿಡಿಯುವುದು ಸುಲಭ, ಕಿವಿರು ನೋಡಿ. ಇವಕ್ಕೆಲ್ಲ ಕೆನ್ನೆಯ ಮೇಲೆ ಬಾಗಿಲಿನಂಥ ಒಂದು ಮುಚ್ಚಳವಿರುತ್ತದೆ. ನಿಜವಾದ ಶಾರ್ಕಿಗೆ ಮುಚ್ಚಳವಿಲ್ಲ. ಚಾಕುವಿನಿಂದ ಗೀರಿದಂತೆ ಸಾಮಾನ್ಯವಾಗಿ ಐದು ಸೀಳುಗಳು ಸಾಲಾಗಿ ಕಾಣುತ್ತವೆ.

ಆದರೂ ಓದುಗರು ಕೇಳಿದ ಸುದ್ದಿ ಸುಳ್ಳಲ್ಲ. ಮನೆಯಲ್ಲಿ ಮೊಟ್ಟೆ ಇಡುವ ಶಾರ್ಕ್‌ಗಳಿವೆ. ಅವುಗಳಲ್ಲಿ ಹೆಸರುವಾಸಿ ಬಿದಿರು ಶಾರ್ಕ್. ಸುಮಾರು ಒಂದು ಮೀಟರ್ ಉದ್ದ ಬೆಳೆಯುವ, ಹಗಲು ಹವಳದ ಸಂದಿಯಲ್ಲಿ ಮಲಗಿ ರಾತ್ರಿ ಏಡಿ, ಸಿಗಡಿ ಹುಡುಕುವ ಸಾಧು ಜೀವಿ. ಇದರದೇ ಕುಲದ ಬೂದು ಬಿದಿರು ಶಾರ್ಕ್ ನಮ್ಮ ಅರಬ್ಬೀ ಸಮುದ್ರದಲ್ಲೂ ಇದೆ. ಹೆಣ್ಣು ಸಾಮಾನ್ಯವಾಗಿ ಒಮ್ಮೆಗೆ ಎರಡು ಮೊಟ್ಟೆ ಇಡುತ್ತದೆ. ಮೊಟ್ಟೆಯೆಂದರೆ ಗುಂಡನೆಯ ಚಿಪ್ಪಲ್ಲ, ಅಂಗೈ ಉದ್ದದ ಕಂದು ಬಣ್ಣದ ಚಪ್ಪಟೆ ಚೀಲ. ತಾಯಿಯ ಒಡಲಿನ ಗ್ರಂಥಿಯೊಂದು ಕೊಲಾಜೆನ್ ಎಳೆಗಳಿಂದ ಚೀಲದ ಒಂದು ಭಾಗವನ್ನು ಮೊದಲೇ ನೇಯ್ದಿಟ್ಟುಕೊಂಡು, ಅದರೊಳಗೆ ಹಳದಿ ಇಳಿದ ಮೇಲೆ ಬಾಯಿ ಮುಚ್ಚುತ್ತದೆ. ಹೊರಗಿನ ನಾರುಗಳು ಕಲ್ಲಿಗೋ ಪಾಚಿಗೋ ಸಿಕ್ಕಿಕೊಳ್ಳುತ್ತವೆ. ಅಲ್ಲಿಗೆ ತಾಯಿಯ ಕೆಲಸ ಮುಗಿಯಿತು. ಮುಂದಿನ ನಾಲ್ಕೈದು ತಿಂಗಳು ಮರಿ ಒಂಟಿ.

ನಾನು ಚಿಕ್ಕವನಿದ್ದಾಗ ಅಜ್ಜಿ ಕೋಳಿಯನ್ನು ಕಾವಿಗೆ ಕೂರಿಸಿ ವಾರವಾದ ಮೇಲೆ, ಕತ್ತಲ ಕೋಣೆಯಲ್ಲಿ ಒಂದೊಂದೇ ಮೊಟ್ಟೆಯನ್ನು ದೀಪದ ಮುಂದೆ ಹಿಡಿದು ನೋಡುತ್ತಿದ್ದಳು. ಕೆಂಪು ನರ ಕಂಡರೆ ಮರಳಿ ಬುಟ್ಟಿಗೆ. ಶಾರ್ಕ್ ಸಾಕುವವರೂ ಮಾಡುವುದು ಇದನ್ನೇ. ಚೀಲವನ್ನು ನೀರಿನಲ್ಲೇ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿಯುತ್ತಾರೆ. ಹೊರದೇಶದ ಸಾರ್ವಜನಿಕ ಅಕ್ವೇರಿಯಂ ಒಂದರಲ್ಲಿ ಹಾಗೆ ಬೆಳಗಿಸಿಟ್ಟ ಚೀಲದ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ಒಳಗೆ ಹಳದಿಯ ಉಂಡೆಗೆ ಅಂಟಿಕೊಂಡ ಬೆರಳಿನಷ್ಟು ಮರಿ ಬಾಲವನ್ನು ಬಿಡುವಿಲ್ಲದೆ ಆಡಿಸುತ್ತಿತ್ತು. ಆಟಕ್ಕಲ್ಲ, ಉಸಿರಿಗೆ! ಬೆಳವಣಿಗೆಯ ಒಂದು ಹಂತದಲ್ಲಿ ಚೀಲದ ಅಂಚು ಸಣ್ಣಗೆ ಬಿರಿಯುತ್ತದೆ. ಮರಿಯ ಬಾಲವೇ ಪಂಪಿನಂತೆ ಹೊಸ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಅಪಾಯವಿರುವುದೂ ಅಲ್ಲೇ. ಬಿರುಕಿನಿಂದ ಮರಿಯ ವಾಸನೆ ಹೊರಗೆ ಹೋಗುತ್ತದೆ, ಬಾಲದ ಅಲುಗಾಟ ಬೇಟೆಗಾರನಿಗೆ ಸುಳಿವು ಕೊಡುತ್ತದೆ. ಓಡಿಹೋಗಲು ಮರಿಗೆ ದಾರಿಯಿಲ್ಲ. ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ಪರೀಕ್ಷಿಸಿತು. ಪ್ರತಿ ಜೀವಿಯ ಸುತ್ತ ನೀರಿನಲ್ಲಿ ಕ್ಷೀಣವಾದ ವಿದ್ಯುತ್ ಕ್ಷೇತ್ರವಿರುತ್ತದೆ. ಶಾರ್ಕಿನ ಮೂತಿಯ ಮೇಲಿನ ಸಣ್ಣ ರಂಧ್ರಗಳು ಅದನ್ನು ಗ್ರಹಿಸುತ್ತವೆ. ಇಟಲಿಯ ಲೊರೆಂಜಿನಿ 1678ರಲ್ಲೇ ಈ ಅಂಗಗಳನ್ನು ವರ್ಣಿಸಿದ್ದ. ಸಂಶೋಧಕರು ಬೇಟೆಗಾರ ಮೀನಿನ ವಿದ್ಯುತ್ತನ್ನು ಹೋಲುವ ಕ್ಷೇತ್ರವನ್ನು ಚೀಲದ ಬಳಿ ಹುಟ್ಟಿಸಿದರು. ಒಳಗಿದ್ದ ಬಿದಿರು ಶಾರ್ಕ್ ಮರಿ ತಟ್ಟನೆ ಸ್ತಬ್ಧವಾಯಿತು. ಬಾಲವನ್ನು ಮೈಗೆ ಸುತ್ತಿಕೊಂಡಿತು, ಕಿವಿರಿನ ಚಲನೆಯನ್ನೂ ನಿಲ್ಲಿಸಿತು. ಹುಟ್ಟುವ ಮೊದಲೇ ಉಸಿರು ಬಿಗಿಹಿಡಿಯಲು ಬಲ್ಲ ಜೀವ! ಅದೇ ಕ್ಷೇತ್ರವನ್ನು ಬೇಗನೆ ಮತ್ತೆ ತೋರಿಸಿದಾಗ ಅದು ಅಷ್ಟು ಬೆದರಲಿಲ್ಲ. ಅಂದರೆ ಚೀಲದೊಳಗೇ ಕಲಿಕೆಯೂ ಆರಂಭವಾಗಿದೆ. ಹಾಗಾಗಿ ಸಾಕುವವರಿಗೊಂದು ಕಿವಿಮಾತು: ಟಾರ್ಚ್ ಹಿಡಿದಾಗ ಮರಿ ಅಲುಗಾಡದಿದ್ದರೆ ಸತ್ತಿತೆಂದು ತೀರ್ಮಾನಿಸಬೇಡಿ. ಸ್ವಲ್ಪ ಹೊತ್ತು ಕಾಯಿರಿ.

ಇನ್ನೊಂದು ಆತುರದ ತಪ್ಪೂ ಇದೆ. ಗಂಡಿಲ್ಲದ ತೊಟ್ಟಿಯಲ್ಲಿ ಹೆಣ್ಣು ಮೊಟ್ಟೆ ಇಟ್ಟರೆ ಬಂಜೆ ಮೊಟ್ಟೆಯೆಂದು ಎಸೆಯುವುದು. ಡೆಟ್ರಾಯಿಟಿನ ಬೆಲ್ ಐಲ್ ಅಕ್ವೇರಿಯಂನಲ್ಲಿ ಒಮ್ಮೆ ಹಾಗೆ ಎಸೆಯದೆ ಬಿಟ್ಟರು. ಗಂಡಿನ ಸಂಗವಿಲ್ಲದೆ ವರ್ಷಗಟ್ಟಲೆ ಬದುಕಿದ್ದ ಬಿಳಿಚುಕ್ಕೆಯ ಬಿದಿರು ಶಾರ್ಕಿನ ಮೊಟ್ಟೆಗಳಿಂದ 2002ರಲ್ಲಿ ಮರಿಗಳು ಹೊರಬಂದವು. ಇಂಥ ಸುದ್ದಿ ಬಂದಾಗಲೆಲ್ಲ ಪವಾಡ ಎಂದು ಕೈಮುಗಿಯುವವರಿದ್ದಾರೆ. ಪವಾಡವೆಂದು ಬಿಟ್ಟರೆ ಪ್ರಶ್ನೆಯೇ ಸತ್ತುಹೋಗುತ್ತದೆ, ಸೊಗಸಿರುವುದು ಉತ್ತರದಲ್ಲಿ. ಅಂಡ ತಯಾರಾಗುವಾಗ ಪಕ್ಕದಲ್ಲಿ ಉಳಿಯುವ ಪುಟ್ಟ ಸೋದರ ಕೋಶವೊಂದು ಅದರೊಂದಿಗೆ ಕೂಡಿ ವೀರ್ಯಾಣುವಿನ ಜಾಗ ತುಂಬುತ್ತದೆ. ಹೀಗೆ ಹುಟ್ಟುವ ಮರಿಗಳೆಲ್ಲ ಹೆಣ್ಣು. ಎಲ್ಲ ಸಂದರ್ಭಕ್ಕೂ ಇದೇ ವಿವರಣೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಸ್ಟೈನ್‌ಹಾರ್ಟ್ ಅಕ್ವೇರಿಯಂನಲ್ಲಿ ಗಂಡಿನಿಂದ ದೂರವಿದ್ದ ಹೆಣ್ಣು ಬಿದಿರು ಶಾರ್ಕಿನ ಮರಿಯ ಡಿಎನ್‌ಎ ಪರೀಕ್ಷಿಸಿದಾಗ ಅದಕ್ಕೆ ತಂದೆಯಿದ್ದಾನೆಂದು ಗೊತ್ತಾಯಿತು. ಹೆಣ್ಣು ವೀರ್ಯವನ್ನು 45 ತಿಂಗಳು ಒಡಲಿನಲ್ಲಿ ಜೋಪಾನ ಮಾಡಿತ್ತು! 2015ರಲ್ಲಿ ಈ ವರದಿ ಪ್ರಕಟವಾಯಿತು.

ಮನೆಯಲ್ಲಿ ಸಾಕುವ ಆಸೆ ಇದ್ದವರಿಗೆ ಎರಡು ಮಾತು. ಇದಕ್ಕೆ ಉಪ್ಪುನೀರು ಬೇಕು, ಸಾವಿರ ಲೀಟರಿಗೂ ಹೆಚ್ಚು ಹಿಡಿಯುವ ಅಗಲ ತಳದ ತೊಟ್ಟಿ ಬೇಕು, ಮೈ ಗೀರದ ನುಣುಪು ಮರಳು ಬೇಕು. ಬೇರೆ ಮೀನುಗಳಿಗೆ ಹಾಕುವ ತಾಮ್ರದ ಔಷಧಿ ಶಾರ್ಕಿಗೆ ವಿಷ. ಮರಿ ಬೇಗ ಬರಲೆಂದು ನೀರು ಬಿಸಿ ಮಾಡಬೇಡಿ. ಬಿದಿರು ಶಾರ್ಕಿನ ಹತ್ತಿರದ ಬಂಧುವಾದ ಎಪಾಲೆಟ್ ಶಾರ್ಕಿನ ಮೊಟ್ಟೆಗಳನ್ನು 27 ಡಿಗ್ರಿಯ ಬದಲು 31 ಡಿಗ್ರಿಯಲ್ಲಿ ಇಟ್ಟಾಗ ಮರಿಗಳು ಬೇಗನೆ ಹೊರಬಂದವು, ಆದರೆ ಸೊರಗಿ ಬಂದವು. ಬಿಸಿಯೇರುತ್ತಿರುವ ಸಮುದ್ರಕ್ಕೂ ಅದು ಎಚ್ಚರಿಕೆಯೇ. ಚೀಲವನ್ನು ಕತ್ತರಿಸಿ ಮರಿಯನ್ನು ಹೊರತೆಗೆಯುವ ಸಾಹಸವಂತೂ ಬೇಡ. ಹಳದಿ ಮುಗಿಯುವ ತನಕ ಅದಕ್ಕೆ ಅಲ್ಲೇ ಊಟ.

ಹಾಸನದ ಗೆಳೆಯರೇ, ಈ ಹೊಣೆ ಹೊರುವ ಅನುಕೂಲವಿಲ್ಲದಿದ್ದರೆ ಬಿದಿರು ಶಾರ್ಕ್ ಕೊಳ್ಳಬೇಡಿ. ನಿಮ್ಮ ಪಂಗಾಸಿಯಸ್ ಕೂಡ ಒಂದು ಮೀಟರ್ ದಾಟಿ ಬೆಳೆಯಬಲ್ಲ ದೊಡ್ಡ ಹೊಳೆಯ ಮೀನು, ಅದಕ್ಕೂ ಈ ತೊಟ್ಟಿ ಸಾಲದು. ಮೊಟ್ಟೆಯೊಳಗಿನ ಜೀವ ನೋಡುವ ಆಸೆಗೆ ಇವು ಯಾವುದೂ ಬೇಕಿಲ್ಲ. ಊರಿನಲ್ಲಿ ಯಾರಾದರೂ ಕೋಳಿ ಕಾವಿಗೆ ಕೂರಿಸಿದರೆ ಏಳನೆಯ ದಿನ ರಾತ್ರಿ ಟಾರ್ಚ್ ಹಿಡಿದು ಹೋಗಿ, ಮಕ್ಕಳನ್ನೂ ಕರೆದೊಯ್ಯಿರಿ. ನನ್ನ ಅಜ್ಜಿ ತೋರಿಸಿದ ಆ ಕೆಂಪು ನರವೇ ಮುಂದೆ ನನ್ನನ್ನು ಶಾರ್ಕಿನ ಚೀಲದ ಮುಂದೆ ಅರ್ಧ ಗಂಟೆ ನಿಲ್ಲಿಸಿತು.