ಕೆಂಪು ಪಾಪಿಗಳ ಕಾಯಿ ಪರೀಕ್ಷೆ

ಜೂನ್ ಬಂತೆಂದರೆ ದಕ್ಷಿಣ ಇಂಗ್ಲೆಂಡಿನ ಸುಣ್ಣಮಣ್ಣಿನ ಹೊಲಗಳ ಅಂಚು ಕೆಂಪೇರುತ್ತದೆ. ದಾರಿಹೋಕರ ಲೆಕ್ಕಕ್ಕೆ ಅದೆಲ್ಲ ಒಂದೇ ಪಾಪಿ, ನಮ್ಮ ಪಾಯಸದ ಗಸಗಸೆ ಗಿಡದ ಕಾಡು ದಾಯಾದಿ. ಆದರೆ ಆ ಕೆಂಪಿನಲ್ಲಿ ಮೂರು ನಾಲ್ಕು ಬಗೆಗಳು ಕಲೆತಿರಬಹುದು. ಎಲ್ಲವೂ ಒಂದೇ ವರ್ಷ ಬಾಳುವವು, ಎಲ್ಲಕ್ಕೂ ನಾಲ್ಕೇ ಎಸಳು.

ಇವನ್ನು ಬೇರೆ ಬೇರೆಯಾಗಿ ಗುರುತಿಸಲು ಹೂವನ್ನು ನಂಬಿ ಕೂರುವಂತಿಲ್ಲ. ಬೆಳಿಗ್ಗೆ ಅರಳಿದ್ದು ಸಂಜೆಗೆ ಉದುರಿರುತ್ತದೆ. ಎಸಳಿನ ಬುಡದ ಕಪ್ಪು ಮಚ್ಚೆ ಒಂದು ಗಿಡದಲ್ಲಿರುತ್ತದೆ, ಪಕ್ಕದ್ದರಲ್ಲಿ ಇರುವುದಿಲ್ಲ. ಬಡಮಣ್ಣಿನಲ್ಲಿ ದೊಡ್ಡ ಜಾತಿಯೂ ಪುಟ್ಟ ಹೂವನ್ನೇ ಬಿಡುತ್ತದೆ.

ಕಾಯಿಯನ್ನು ಬೆರಳಿನಿಂದ ಸವರಿ ನೋಡಬೇಕು. ನುಣುಪಾಗಿ, ಗುಂಡಗೆ ಕುಳ್ಳಗಿದ್ದರೆ ಅದು ಎಲ್ಲೆಡೆ ಸಿಗುವ ಪಪಾವರ್ ರೋಯಸ್. ನುಣುಪಾಗಿದ್ದೂ ಅಗಲದ ಎರಡು ಪಟ್ಟಿಗಿಂತ ಉದ್ದವಿದ್ದರೆ ಪಪಾವರ್ ಡುಬಿಯಂ. ಬೆರಳಿಗೆ ಬಿರುಗೂದಲು ತಾಗಿತೇ? ಉದ್ದನೆಯ ಕಾಯಿಯ ಮೇಲೆ ನೆಟ್ಟಗೆ ನಿಂತ ವಿರಳ ಕೂದಲಾದರೆ ಆರ್ಗೆಮೋನೆ. ಇದರ ಎಸಳುಗಳು ಕಿರಿದು, ಒಂದಕ್ಕೊಂದು ತಾಗುವುದೂ ಅಪರೂಪ. ಗುಂಡುಕಾಯಿಯ ತುಂಬ ಬಾಗಿದ ಒತ್ತುಗೂದಲಿದ್ದು ಹೂ ಕಡುಗೆಂಪಾಗಿದ್ದರೆ ಹೈಬ್ರಿಡಂ. ಇದು ಸಿಕ್ಕವರು ಅದೃಷ್ಟವಂತರು.

ಕಾಯಿ ಇನ್ನೂ ಎಳೆಯದಾಗಿದ್ದರೆ ಹೂದೊಟ್ಟಿನ ಕೂದಲನ್ನು ನೋಡುವುದುಂಟು. ರೋಯಸ್‌ನಲ್ಲಿ ಅದು ಹೊರಕ್ಕೆ ಚಾಚಿರುತ್ತದೆ, ಡುಬಿಯಂನಲ್ಲಿ ತೊಟ್ಟಿಗೆ ಒರಗಿರುತ್ತದೆ. ಆದರೆ ಒರಗಿದ ಕೂದಲಿನ ರೋಯಸ್ ಕೂಡ ಇದೆ! ಸಾಲದ್ದಕ್ಕೆ ಇವೆರಡರ ಮಿಶ್ರತಳಿಯೂ ಆಗಾಗ ಹುಟ್ಟುತ್ತದೆ. ಹಾಗಾಗಿ ಒಂದೆರಡು ವಾರ ಕಾದು ಕಾಯಿ ನೋಡುವುದೇ ಲೇಸು.

ಕಾಯಿಯೂ ಸೋಲುವ ಒಂದು ಜಾಗವಿದೆ. ಲೆಕೋಕಿಯೈ ಎಂಬುದರ ಕಾಯಿ ಥೇಟ್ ಡುಬಿಯಂನದೇ. ಕಾಂಡ ಮುರಿದು ಸ್ವಲ್ಪ ತಡೆಯಿರಿ: ಹಾಲು ಗಾಳಿಗೆ ಹಳದಿಯಾದರೆ ಲೆಕೋಕಿಯೈ. ನಮ್ಮ ರಸ್ತೆಬದಿಯ ಹಳದಿ ಹೂವಿನ ದತ್ತೂರಿಯನ್ನು ಮುರಿದವರಿಗೆ ಹಳದಿ ಹಾಲು ಹೊಸದೇನಲ್ಲ. ಅದೂ ಇದೇ ಕುಟುಂಬದ್ದು, ಮೆಕ್ಸಿಕೋ ಕಡೆಯಿಂದ ಬಂದದ್ದು.

ಪಾಪಿ ಬೀಜ ಮಣ್ಣಿನಡಿ ದಶಕಗಟ್ಟಲೆ ಮಲಗಿದ್ದು, ನೆಲ ಅಗೆದು ಬೆಳಕು ತಾಗಿದೊಡನೆ ಮೊಳೆಯುತ್ತದೆ. ಮೊದಲ ಮಹಾಯುದ್ಧದಲ್ಲಿ ಗುಂಡು ಬಿದ್ದು ಕದಡಿದ ಫ್ಲಾಂಡರ್ಸ್ ನೆಲದಲ್ಲಿ ರೋಯಸ್ ಅರಳಿದ್ದು ಹೀಗೆ; ಕೆನಡಾದ ವೈದ್ಯ ಜಾನ್ ಮೆಕ್ರೇ 1915ರಲ್ಲಿ ಈ ಹೂಗಳನ್ನು ನೆನೆವ ತನ್ನ ಕವಿತೆ ಬರೆದದ್ದೂ ಅಲ್ಲಿಯೇ. ನಂತರ ಬಂದ ಕಳೆನಾಶಕಗಳು ಎಲ್ಲ ಬಗೆಗಳನ್ನೂ ಹಿಂದಕ್ಕೆ ತಳ್ಳಿದವು. ರೋಯಸ್ ಹೇಗೋ ತಡೆದುಕೊಂಡಿತು, ಕೂದಲುಕಾಯಿಯ ಎರಡೂ ಬಳಲಿದವು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಗೋಧಿ ಬೆಳೆಯುತ್ತಿರುವ ಬ್ರಾಡ್‌ಬಾಕ್ ಪ್ರಯೋಗದ ಹೊಲದಲ್ಲಿ ಕಳೆನಾಶಕ ಸೋಕದ ಒಂದು ಪಟ್ಟಿಯನ್ನು ಹಾಗೆಯೇ ಬಿಟ್ಟಿದ್ದಾರೆ. ಪಾಪಿಗಳು ಅಲ್ಲಿ ಈಗಲೂ ಬರುತ್ತವೆ.

ಹಳೆಯ ಕೈಪಿಡಿ ಹಿಡಿದು ಹೊರಡುವವರಿಗೆ ಒಂದು ಮಾತು. ಡಿಎನ್‌ಎ ಅಧ್ಯಯನಗಳ ನಂತರ ಕೂದಲುಕಾಯಿಯ ಎರಡನ್ನೂ ಪಪಾವರ್‌ನಿಂದ ತೆಗೆದು ರೋಮೇರಿಯಾ ಕುಲಕ್ಕೆ ಸೇರಿಸುವುದು ಈಗ ರೂಢಿಯಾಗುತ್ತಿದೆ. ಲೆಕೋಕಿಯೈಯನ್ನು ಡುಬಿಯಂನ ಉಪಜಾತಿ ಎನ್ನುವವರೂ ಇದ್ದಾರೆ.